ಕೂತು ಸತ್ತವರ ಹಗ್ಗ

ನಮ್ಮ ಬೀದಿಯಲ್ಲಿ ಜನ ಎರಡು ಥರ ಸಾಯುತ್ತಾರೆ. ಮಲಗಿ ಸಾಯುತ್ತಾರೆ, ಇಲ್ಲವೇ ಕೂತು ಸಾಯುತ್ತಾರೆ.

ಮಲಗಿ ಸತ್ತವರು ಸಲೀಸು. ಜ್ವರದವರು, ಮುಪ್ಪಿನವರು, ಬಸ್ಸಿಗೆ ಸಿಕ್ಕವರು. ಹೇಗಿದ್ದರೋ ಹಾಗೇ ತೊಳೆದು, ಬಟ್ಟೆ ಸುತ್ತಿ ಕಳಿಸಬಹುದು. ಕೂತು ಸತ್ತವರು ಪುಡಿ ಕಾರ್ಖಾನೆಯವರು. ಬಿಳಿ ಕಲ್ಲನ್ನು ಮುಖಕ್ಕೆ ಬಳಿದುಕೊಳ್ಳುವಷ್ಟು ನುಣ್ಣಗೆ ಅರೆದು ಚೀಲ ತುಂಬುವ ಕಾರ್ಖಾನೆ ಅದು. ಏಳೆಂಟು ವರ್ಷ ಚೀಲ ತುಂಬಿದರೆ ಪುಡಿ ಎದೆಯೊಳಗೆ ಮನೆ ಮಾಡುತ್ತದೆ. ಆಮೇಲೆ ಮಲಗಿದರೆ ಉಸಿರು ಬರುವುದಿಲ್ಲ. ಗೋಡೆಗೊರಗಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು, ಹೆಗಲನ್ನು ಕಿವಿಯ ತನಕ ಏರಿಸಿ ತಿಂಗಳುಗಟ್ಟಲೆ ಕೂತಿರುತ್ತಾರೆ. ಹಾಗೇ ಸಾಯುತ್ತಾರೆ. ನೋಡಲು ಬಂದವರು ಸ್ವಲ್ಪ ಹೊತ್ತು ಮಾತಾಡಿಸುತ್ತಾರೆ. ಉತ್ತರ ಬರದಿದ್ದಾಗ ಗೊತ್ತಾಗುತ್ತದೆ.

ಆಗ ನಮ್ಮಮ್ಮನನ್ನು ಕರೆಯುತ್ತಾರೆ. ಅಮ್ಮ ಹೆಣ ತೊಳೆಯುವವಳು.

ಕೂತು ಸತ್ತವರನ್ನು ಮೊದಲು ನೆಟ್ಟಗೆ ಮಾಡಬೇಕು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮೊಣಕಾಲಿಗೆ, ಸೊಂಟಕ್ಕೆ ಸುತ್ತಬೇಕು. ನೀವಬೇಕು. ಮೈಭಾರವೆಲ್ಲ ಹಾಕಿ ಒತ್ತಬೇಕು. ಅಪ್ಪ ಸತ್ತಾಗ ನನಗೆ ಹನ್ನೆರಡು ವರ್ಷ. ಅಮ್ಮನ ಭಾರ ಸಾಲಲಿಲ್ಲ. "ಬಾರೇ ಇಲ್ಲಿ, ಹತ್ತಿ ಕೂತ್ಕೋ" ಎಂದಳು. ನಾನು ಅಪ್ಪನ ಮೊಣಕಾಲ ಮೇಲೆ ಕೂತೆ. ಚಿಕ್ಕವಳಿದ್ದಾಗ ಅಲ್ಲೇ ಕೂತು ಕುದುರೆ ಆಡುತ್ತಿದ್ದೆ. ಅಪ್ಪ ನಿಧಾನಕ್ಕೆ ನೆಟ್ಟಗಾದ. ಅವನಿಗೆ ಮೂವತ್ತಾರು.

ತೊಳೆದ ಮೇಲೆ ಅಮ್ಮ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಟ್ಟೆಪಟ್ಟಿ ಕಟ್ಟುತ್ತಾಳೆ. ಅದರ ತುದಿ ಬಟ್ಟೆಯ ಹೊರಗೆ ಇಣುಕುತ್ತಿರುತ್ತದೆ. ತುದಿಗೆ ಒಂಟಿ ಗಂಟು ಇದ್ದರೆ ಮಲಗಿ ಸತ್ತವರು. ಜೋಡಿ ಗಂಟು ಇದ್ದರೆ ಕೂತು ಸತ್ತವರು. ಸ್ಮಶಾನದಲ್ಲಿ ಗುಂಡಿ ತೋಡುವವನನ್ನು ನಾವು ಗುಂಡಿ ಮಾವ ಎನ್ನುತ್ತೇವೆ. ಅವನು ಆ ತುದಿ ಮುಟ್ಟಿ ನೋಡುತ್ತಾನೆ. ಜೋಡಿ ಗಂಟಾದರೆ ಗುಂಡಿ ಇನ್ನೊಂದು ಮೊಳ ಆಳಕ್ಕೆ ಹೋಗುತ್ತದೆ. ಒಳಗೆ ಮೊಣಕಾಲು ಮತ್ತೆ ಮಡಚಿಕೊಂಡರೂ ಮಣ್ಣು ಮುಚ್ಚಬೇಕಲ್ಲ. ಅಳುತ್ತ ನಿಂತ ಮನೆಯವರ ಮುಂದೆ ಬಾಯಿಬಿಟ್ಟು ಕೇಳುವ ಮಾತಲ್ಲ ಅದು. ಅದಕ್ಕೇ ಗಂಟು.

ಕಾರ್ಖಾನೆ ಶುರುವಾದ ವರ್ಷ ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ, ಬಾಗಿಲ ಹಿಂದಿನ ಮೊಳೆಗೆ ಹಗ್ಗವೊಂದನ್ನು ನೇತುಹಾಕಿದಳು. ಒಂದು ಸಾವಿಗೆ ಒಂದು ಗೇಣು. ಕಾಲಿಗೆ ಕಟ್ಟಿದ ಗಂಟನ್ನೇ ಹಗ್ಗಕ್ಕೂ ಕಟ್ಟುವುದು. ಸ್ಮಶಾನದಲ್ಲಿ ಕಲ್ಲು ನೆಡಿಸುವ ಯೋಗ್ಯತೆ ನಮ್ಮ ಬೀದಿಗಿಲ್ಲ. ಹಗ್ಗದ ಮೇಲಿನ ಗಂಟಿನ ಸಾಲೇ ಅಲ್ಲಿನ ಗುಂಡಿಗಳ ಸಾಲು. ಯಾರ ಪಕ್ಕ ಯಾರು ಅಂತ ತಿಳಿಯದಿದ್ದರೆ ಗುದ್ದಲಿ ಹಸಿ ಗುಂಡಿಗೇ ಬೀಳುತ್ತದೆ. ಅಜ್ಜಿಯ ನಂತರ ಹಗ್ಗ ಅಮ್ಮನಿಗೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಇನ್ನೂರ ಹನ್ನೆರಡು ಗಂಟು. ಅದರಲ್ಲಿ ನೂರ ನಲವತ್ತಮೂರು ಜೋಡಿ. ಅಮ್ಮನಿಗೆ ಓದು ಬಾರದು. ಆದರೆ ಕಣ್ಣು ಮುಚ್ಚಿ ಹಗ್ಗದ ಮೇಲೆ ಬೆರಳಾಡಿಸಿದರೆ ಸರಾಗ ಓದುತ್ತಾಳೆ: ಸೋಡಾ ಅಂಗಡಿಯವನ ತಮ್ಮ, ಎಡಗೈಯವಳು, ಅವಳಿ ಮಕ್ಕಳ ಅಪ್ಪ, ಮೂಗಿನಲ್ಲಿ ಹಾಡುತ್ತಿದ್ದವನು. ಅಪ್ಪನ ಗಂಟಿನ ಹತ್ತಿರ ಮಾತ್ರ ಓದುವುದಿಲ್ಲ. ದಾಟಿ ಹೋಗುತ್ತಾಳೆ.

ಹೆಣ ತೊಳೆಯುವವಳ ಮಗಳಿಗೆ ಯಾರೂ ಕೆಲಸ ಕೊಡುವುದಿಲ್ಲ. ದರ್ಜಿ ಅಂಗಡಿಯಲ್ಲಿ ಎರಡು ದಿನ ಇದ್ದೆ. ಮೂರನೇ ದಿನ ಗಿರಾಕಿ ಹೆಂಗಸೊಬ್ಬಳು ಗುರುತು ಹಿಡಿದಳು. "ಅಯ್ಯೋ, ಇವಳ ಕೈಲಿ ಕೂಸಿನ ಅಂಗಿ ಹೊಲಿಸ್ತೀಯಾ?" ದರ್ಜಿ ನಾನು ಹಿಡಿದ ಕತ್ತರಿಯನ್ನು ಕಾಗದದಲ್ಲಿ ಸುತ್ತಿ ತೆಗೆದಿಟ್ಟ. ಬೀದಿಯವರು ಅಮ್ಮನನ್ನು ಕರೆಯುವುದು ಹಿತ್ತಲ ಬಾಗಿಲಿಂದ. ಕೆಲಸ ಮುಗಿದರೆ ಕಳಿಸುವುದೂ ಅಲ್ಲಿಂದಲೇ. ಬೇರೆ ದಿನ ಎದುರಾದರೆ ಆ ಬದಿಗೆ ದಾಟಿಕೊಳ್ಳುತ್ತಾರೆ.

ಪುಡಿ ಕಾರ್ಖಾನೆಯಲ್ಲಿ ಯಾರ ಮಗಳು ಅಂತ ಕೇಳುವುದಿಲ್ಲ. ಒಂದನೇ ತಾರೀಖಿನಿಂದ ಎರಡನೇ ಶೆಡ್ಡು, ನಲವತ್ತು ಹುಡುಗಿಯರು ಬೇಕು ಎಂದು ಬೋರ್ಡು ಬಿತ್ತು. ನಾನು ಹೋಗಿ ಹೆಸರು ಕೊಟ್ಟೆ. ಗೇಟಿನ ಕಾರ್ಡು ಕೊಟ್ಟರು. ನನ್ನ ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ಕು, ಕೊರಳಿಗೆ ನೀಲಿ ದಾರ. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನ ಕೈಗೆ ಕೈ ತಾಗಿಸಿ ಏನನ್ನೋ ಕೊಟ್ಟಿದ್ದರು.

ಅಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎಷ್ಟು ವರ್ಷ ಅಂತ ಬರೆದಿದ್ದಾರೆ?"

"ಏನು ಎಷ್ಟು ವರ್ಷ?"

"ನೀನು ಬದುಕೋದು."

"ಮೂಗಿಗೆ ಬಟ್ಟೆ ಕಟ್ಕೋತೀನಮ್ಮ."

"ನಿಮ್ಮಪ್ಪನೂ ಕಟ್ಕೊಂಡಿದ್ದ. ತೊಳೆದೋಳು ನಾನು."

"ಮತ್ತೇನು ಮಾಡ್ಲಿ? ನಿನ್ನ ಹಾಗೆ ಹೆಣ ಹೊರಳಿಸ್ಲಾ?"

ಅಮ್ಮ ಬಾಗಿಲ ಹಿಂದೆ ಹೋಗಿ ಹಗ್ಗದ ಖಾಲಿ ತುದಿಯನ್ನು ಕೈಗೆ ತೆಗೆದುಕೊಂಡಳು. ಗೇಣು ಹಾಕಿ ಅಳೆದಳು. ಒಂದು, ಎರಡು, ಮೂರು... ಎಂಟು ಗೇಣು ಉಳಿದಿತ್ತು. ಅಳೆದು ಮುಗಿಸಿ ನನ್ನ ಮುಖ ನೋಡಿದಳು. ಆ ನೋಟಕ್ಕೆ ನನಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಇತ್ತು.

ಶೆಡ್ಡು ತೆರೆಯಲು ಒಂದೇ ಕಾಗದ ಬಾಕಿ ಇತ್ತು. ಕಾರ್ಖಾನೆ ಪಕ್ಕದ ಬೀದಿಯಲ್ಲಿ, ಅಂದರೆ ನಮ್ಮ ಬೀದಿಯಲ್ಲಿ, ಪುಡಿಯಿಂದ ಯಾರೂ ಸತ್ತಿಲ್ಲ ಎಂದು ಆರೋಗ್ಯದ ಆಫೀಸು ಬರೆದುಕೊಡಬೇಕು. ಅದು ಕಷ್ಟವೇನಲ್ಲ. ಅವರ ಪುಸ್ತಕದಲ್ಲಿ ಹತ್ತೊಂಬತ್ತು ವರ್ಷಕ್ಕೆ ನಮ್ಮ ಬೀದಿಯಲ್ಲಿ ಸತ್ತವರು ಅರವತ್ತೊಂದು. ಅರವತ್ತೊಂದು ಜನಕ್ಕೂ ಕಾರಣ ಒಂದೇ: ಹೃದಯ ನಿಂತು. ಹೃದಯ ಓಡುತ್ತಿರುವಾಗಲೇ ಸತ್ತವರು ಯಾರಾದರೂ ಇದ್ದಾರೆಯೇ ಎಂದು ಯಾರೂ ಕೇಳಿರಲಿಲ್ಲ. ಆದರೆ ಮೇಲಿನಿಂದ ಯಾರೋ ಬೇರೆಯೇ ಕೇಳಿದರಂತೆ. ಮುನ್ನೂರು ಮನೆಯ ಬೀದಿಯಲ್ಲಿ ಇಷ್ಟು ಕಡಿಮೆ ಸತ್ತಿದ್ದರೆ ಉಳಿದವರೇನು ಚಿರಂಜೀವಿಗಳೇ? ಮನೆಮನೆಗೆ ಹೋಗಿ ಸತ್ತವರ ಬಗ್ಗೆ ಇದ್ದವರನ್ನು ವಿಚಾರಿಸಿ.

ಹಾಗೆ ಸರ್ವೆ ಮೇಡಂ ಬಂದಳು. ನಡುವಯಸ್ಸಿನ ಹೆಂಗಸು. ಹರಿದ ಚಪ್ಪಲಿಗೆ ಪಿನ್ನು. ಕೈಯಲ್ಲಿ ಟ್ಯಾಬು. ಬೀದಿಯ ಎಲ್ಲ ಮನೆ ಮುಗಿಸಿ ಕೊನೆಗೆ ನಮ್ಮ ಹೊಸಿಲು ದಾಟಿ ಒಳಗೇ ಬಂದು ಕೂತಳು. ಪಾಪ, ಅವಳಿಗೆ ಗೊತ್ತಿರಲಿಲ್ಲ.

"ಅರವತ್ತೆರಡು ಪ್ರಶ್ನೆ ಇದಾವಮ್ಮ. ಒಂದು ಬಿಟ್ರೂ ಇದು ಮುಂದಕ್ಕೆ ಹೋಗಲ್ಲ. ಯಾರು ತೀರಿಕೊಂಡಿದ್ದು?"

"ನನ್ನ ಗಂಡ."

"ಮೃತರು ಗಂಡೋ ಹೆಣ್ಣೋ?"

ಅಮ್ಮ ನನ್ನ ಮುಖ ನೋಡಿದಳು. "ಗಂಡು" ಎಂದೆ ನಾನು.

"ಸಾಯುವಾಗ ಗರ್ಭಿಣಿಯಾಗಿದ್ದರೇ?"

"ಯಾರು?"

"ಇಲ್ಲ ಅನ್ನಿ ಸಾಕು. ಏನಾದ್ರೂ ಅನ್ನದಿದ್ರೆ ಇದು ಇಲ್ಲೇ ಕೂರುತ್ತೆ."

"ಹೊಟ್ಟೆಯೇ ಇರಲಿಲ್ವಲ್ಲ ತಾಯಿ. ಬೆನ್ನಿಗೆ ಅಂಟಿತ್ತು."

"ಇಲ್ಲ" ಎಂದು ಒತ್ತಿದಳು ಮೇಡಂ. "ಹಾವು ಕಚ್ಚಿತ್ತಾ? ನಾಯಿ?"

"ಕಾರ್ಖಾನೆ ಕಚ್ಚಿತ್ತು."

ಮೇಡಂ ಬೆರಳಿಂದ ಪಟ್ಟಿಯನ್ನು ಕೆಳಗೆಳೆದಳು. ಮೇಲೆಳೆದಳು. "ಹಾವಿದೆ, ನಾಯಿ ಇದೆ, ಸಿಡಿಲಿದೆ, ಬಾವಿ ಇದೆ. ಮರದಿಂದ ಬೀಳೋದೂ ಇದೆ. ಕಾರ್ಖಾನೆ ಇಲ್ಲಮ್ಮ. ಪುಡಿನೂ ಇಲ್ಲ."

"ಯಾಕಿಲ್ಲ?"

"ಪಟ್ಟಿ ಮಾಡಿದವರಿಗೆ ಹಾವು ಗೊತ್ತಿತ್ತು ಅನ್ಸುತ್ತೆ. 'ಇತರೆ' ಅಂತ ಹಾಕ್ತೀನಿ."

ಅರವತ್ತೆರಡು ಮುಗಿಯುವಾಗ ಮಧ್ಯಾಹ್ನವಾಗಿತ್ತು. ಟ್ಯಾಬು ಸ್ವಲ್ಪ ಹೊತ್ತು ಗಿರಗಿರ ತಿರುಗಿ ತೀರ್ಪು ಕೊಟ್ಟಿತು: ಕಾರಣ ನಿರ್ಧರಿಸಲಾಗದು.

"ಅಂದ್ರೆ ಸತ್ತಿದ್ದಾನೋ ಇಲ್ವೋ?" ಅಮ್ಮ ಕೇಳಿದಳು.

"ಸತ್ತಿದ್ದಾರೆ. ಯಾಕೆ ಅಂತ ಗೊತ್ತಿಲ್ಲ."

"ನಂಗೊತ್ತು."

"ನಿಮಗೆ ಗೊತ್ತಿರೋದು ಲೆಕ್ಕಕ್ಕೆ ಬರಲ್ಲಮ್ಮ. ದಾಖಲೆ ಬೇಕು. ನಂಬರು ಇರಬೇಕು, ಸೀಲಿರಬೇಕು, ಸಾಹೇಬ್ರ ಸಹಿ ಇರಬೇಕು."

ಅಮ್ಮ ಎದ್ದು ಬಾಗಿಲು ಸರಿಸಿದಳು. ಮೇಡಂ ಹಗ್ಗ ನೋಡಿದಳು. ಅಮ್ಮ ಅದನ್ನು ನೆಲದ ಮೇಲೆ ಹರಡಿ ಮೊದಲಿಂದ ಓದತೊಡಗಿದಳು. ಮೇಡಂ ಟ್ಯಾಬು ಬದಿಗಿಟ್ಟು ಒಂದೊಂದೇ ಗಂಟು ಮುಟ್ಟುತ್ತ ಹೋದಳು. ಹಗ್ಗ ಮೂರು ಸಲ ಕೋಣೆ ಸುತ್ತಿ ಅವಳ ಕಾಲ ಬಳಿಗೇ ಬಂತು. ಅಷ್ಟು ಹೊತ್ತಿಗೆ ಅವಳ ಮೂಗು ಕೆಂಪಾಗಿತ್ತು.

"ಇನ್ನೂರ ಹನ್ನೆರಡು" ಎಂದಳು. "ನಮ್ಮ ಪುಸ್ತಕದಲ್ಲಿ ಅರವತ್ತೊಂದು. ಇದನ್ನ ಕೊಡ್ತೀರಾಮ್ಮ? ಸಾಹೇಬ್ರ ಟೇಬಲ್ ಮೇಲೇ ಇಡ್ತೀನಿ. ಇದಕ್ಕಿಂತ ಸಾಕ್ಷಿ ಬೇಕಾ?"

ಹಗ್ಗ ಹತ್ತೊಂಬತ್ತು ವರ್ಷ ಆ ಮೊಳೆ ಬಿಟ್ಟು ಕದಲಿರಲಿಲ್ಲ. ಅಮ್ಮ ಅದನ್ನು ಸುರುಳಿ ಸುತ್ತಿದಳು. ಕೊಡುವಾಗ ಮೇಡಂ ಕಡೆ ನೋಡಲಿಲ್ಲ. ನನ್ನ ಕೊರಳಲ್ಲಿದ್ದ ನೀಲಿ ದಾರ ನೋಡುತ್ತಿದ್ದಳು.

ಹದಿನೆಂಟು ದಿನವಾದರೂ ಹಗ್ಗ ಬರಲಿಲ್ಲ. ಆ ನಡುವೆ ಇಬ್ಬರು ಸತ್ತರು, ಒಬ್ಬರು ಮಲಗಿ, ಒಬ್ಬರು ಕೂತು. ಗುಂಡಿ ಮಾವ ನಮ್ಮ ಬಾಗಿಲಿಗೆ ಬಂದು ಕೂಗಾಡಿದ. "ಹಗ್ಗ ಎಲ್ಲೇ ತಂಗೀ? ನಿನ್ನೆ ಗುದ್ದಲಿ ಯಾರದೋ ಭುಜಕ್ಕೆ ತಾಗ್ತು. ಕ್ಷಮಿಸಪ್ಪಾ ಅನ್ನೋಣ ಅಂದ್ರೆ ಯಾರು ಅಂತಾನೂ ಗೊತ್ತಿಲ್ಲ ನಂಗೆ."

ಹತ್ತೊಂಬತ್ತನೇ ದಿನ ನಾವು ಆಫೀಸಿಗೆ ಹೋದೆವು. ಒಂದನೇ ತಾರೀಖಿಗೆ ಎರಡು ದಿನ ಬಾಕಿ.

ಟಪಾಲು ಮೇಜಿನವನು ಪುಸ್ತಕ ತಿರುವಿದ. "ಹಗ್ಗ ಬಂದಿದೆ. ಆದರೆ ಹಗ್ಗ ಪತ್ರ ಅಲ್ಲ. ಪತ್ರ ಅಲ್ಲದ್ದು ಉಗ್ರಾಣಕ್ಕೆ ಹೋಗುತ್ತೆ."

ಉಗ್ರಾಣದವನು ಇನ್ನೊಂದು ಪುಸ್ತಕ ತಿರುವಿ ಗಟ್ಟಿಯಾಗಿ ಓದಿದ. "ಹಗ್ಗ, ಹಳೆಯದು, ನೂರ ಹತ್ತು ಮೊಳ, ಗಂಟು ಸಹಿತ, ಒಂದು."

"ಅದು ನಮ್ದು" ಎಂದೆ. "ವಾಪಸ್ ಕೊಡಿ."

"ನಿಮ್ದು ಆಗಿತ್ತು. ಪುಸ್ತಕಕ್ಕೆ ಏರಿದ ಮೇಲೆ ಸರ್ಕಾರಿ ಸ್ವತ್ತು. ಕೊಡೋದಾಗಲಿ ಕತ್ತರಿಸೋದಾಗಲಿ ಸಮಿತಿ ಸೇರದೆ ಆಗಲ್ಲ. ಸಮಿತಿ ವರ್ಷಕ್ಕೊಂದ್ಸಲ."

"ಈ ವರ್ಷದ್ದು ಯಾವಾಗ?"

"ಹೋದ ವಾರ ಆಯ್ತು. ಹಗ್ಗ ಕಡತದ ಓಣಿಲಿದೆ, ನೋಡ್ಕೊಂಡು ಹೋಗಿ. ನೋಡೋಕೆ ಅಡ್ಡಿ ಇಲ್ಲ."

ಕಡತದ ಓಣಿ ಎಂದರೆ ಉದ್ದ ವರಾಂಡ. ಕೋಣೆಯೊಳಗೆ ಜಾಗವಿಲ್ಲದ ಕಡತಗಳನ್ನೆಲ್ಲ ಅಲ್ಲಿ ಎದೆಯೆತ್ತರ ಪೇರಿಸಿದ್ದರು. ಸ್ಟೂಲಿನ ಮೇಲೆ ಒಬ್ಬ ಜವಾನ. ಅವನ ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ತಲೆಯ ಮೇಲಿನ ಗೋಡೆಗೆ ಸಾಹೇಬರ ಸುತ್ತೋಲೆ ಅಂಟಿಸಿತ್ತು: ಸಹಿಯಾದ ನಂತರ ದಿನಚರಿಯಲ್ಲಿ ಯಾರೂ ಏನನ್ನೂ ತಿದ್ದತಕ್ಕದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟು ಅವನ ಕಾಲ ಬಳಿ ಇತ್ತು. ಹದಿನೇಳು ಕಡತ, ನಾಲ್ಕು ನಕ್ಷೆ. ಅದರ ಸುತ್ತ ಹಗ್ಗ. ನಮ್ಮದೇ ಹಗ್ಗ. ಆದರೆ ನುಣುಪಾಗಿತ್ತು. ಹಾವಿನ ಹಾಗೆ.

ಅಮ್ಮ ಬಗ್ಗಿ ಅದರ ಮೇಲೆ ಬೆರಳಾಡಿಸಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ.

"ಗಂಟು ಎಲ್ಲಪ್ಪ?"

"ಅಯ್ಯೋ, ನಿಮ್ದಾ ಅದು?" ಜವಾನ ಮುಖ ಅರಳಿಸಿದ. "ಏನು ಗಂಟಮ್ಮಾ ಅವು! ಹೊಸ ಶೆಡ್ಡಿನ ಕಡತ ದಪ್ಪ, ಉದ್ದ ಹಗ್ಗ ಬೇಕು ಅಂದ್ರು. ಗಂಟಿದ್ರೆ ಬಿಗಿ ಕೂರಲ್ವಲ್ಲ, ಬಿಚ್ಚು ಅಂದ್ರು. ಮೂರು ದಿನ ಬಿಚ್ಚಿದೆ. ನೋಡಿ, ಉಗುರೇ ಎದ್ದು ಬಂತು."

"ಅವರನ್ನೆಲ್ಲ ಬಿಚ್ಚಿದ್ಯಾ?"

"ಯಾರನ್ನ?"

ಅಮ್ಮ ಹೇಳಿದಳು. ಏರುದನಿಯಿಲ್ಲ, ಅಳುವಿಲ್ಲ. ಇದು ಸೋಡಾ ಅಂಗಡಿಯವನ ತಮ್ಮ ಇದ್ದ ಜಾಗ. ಇದು ಎಡಗೈಯವಳು. ಇಲ್ಲಿ ನನ್ನ ಗಂಡ. ಮೊದಲ ಸಲ ಅವನ ಹತ್ತಿರ ನಿಂತಳು. ಜವಾನ ತನ್ನ ಎರಡೂ ಕೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತ ಕೂತ. ಬೇರೆ ಯಾರದ್ದೋ ಕೈಗಳು ಅನ್ನುವ ಹಾಗೆ.

ಆಮೇಲೆ ಸ್ಟೂಲಿನ ಕೆಳಗಿಂದ ಒಂದು ಉದ್ದ ಪುಸ್ತಕ ಎಳೆದು ನನ್ನ ಕೈಗೆ ಕೊಟ್ಟ. "ನೀನು ಓದಿದ್ದೀಯಲ್ಲ ಮಗಾ, ಓದು. ದಿನಚರಿ. ಬರೀಲಿಲ್ಲ ಅಂದ್ರೆ ನಾನು ಆ ದಿನ ಬಂದೇ ಇಲ್ಲ ಅಂತ ಲೆಕ್ಕ. ಅದಕ್ಕೆ ಮಾಡಿದ್ದೆಲ್ಲ ಬರೀತೀನಿ."

ನಾನು ಓದಿದೆ. ಸೋಮವಾರ: ಒಂಟಿ ಗಂಟು ಬಿಚ್ಚಿದ್ದು, 69. ಮಂಗಳವಾರ: ಜೋಡಿ ಗಂಟು ಬಿಚ್ಚಿದ್ದು, 70. ಬುಧವಾರ: ಜೋಡಿ ಗಂಟು ಬಿಚ್ಚಿದ್ದು, 73. ಒಟ್ಟು 212. ಜೋಡಿ 143. ಪ್ರತಿ ದಿನದ ಕೆಳಗೆ ಸೀಲು. ಸೀಲಿನ ಮೇಲೆ ಸಾಹೇಬರ ಹಸಿರು ಸಹಿ.

ಹತ್ತೊಂಬತ್ತು ವರ್ಷದಲ್ಲಿ ಆ ಆಫೀಸು ನಮ್ಮವರನ್ನು ಎಣಿಸಿದ್ದು ಅದೊಂದೇ ಸಲ. ಅದೂ ಬಿಚ್ಚುವಾಗ.

ಸಾಹೇಬರು ನಮ್ಮನ್ನು ಒಳಗೆ ಬಿಟ್ಟರು. ಕುರ್ಚಿ ತೋರಿಸಲಿಲ್ಲ. ನಾನು ದಿನಚರಿ ಮುಂದಿಟ್ಟೆ.

"ಇದು ಗಂಟಿನ ಲೆಕ್ಕ" ಎಂದರು. "ಸಾವಿನ ಲೆಕ್ಕ ಅಲ್ಲ."

"ಗಂಟೇ ಸಾವು ಸಾರ್" ಎಂದಳು ಅಮ್ಮ.

"ಹಾಗಂತ ಎಲ್ಲಿ ಬರೆದಿದೆ?"

"ಬರೆದಿತ್ತು. ನೀವು ಬಿಚ್ಚಿಸಿದ್ರಿ."

ಸಾಹೇಬರು ಸಹಾನುಭೂತಿಯಿಂದ ನಕ್ಕರು. ಒಂದು ಫಾರಂ ತೆಗೆದರು. "ನೋಡಮ್ಮ, ನಿನ್ನ ಗಂಡನ ಸಾವು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಹೆಬ್ಬೆಟ್ಟು ಒತ್ತು, ಈಗಲೇ ಸೇರಿಸ್ತೀನಿ. ಬೀದಿಯಲ್ಲಿ ಉಳಿದವರೂ ಒತ್ತಲಿ, ಎಲ್ಲರನ್ನೂ ಸೇರಿಸ್ತೀನಿ. ಕಾರಣ: ಇತರೆ."

"ಪುಡಿ ಅಂತ ಬರೀರಿ."

"ಪುಡಿ ಪಟ್ಟಿಯಲ್ಲಿಲ್ಲ."

"ಪಟ್ಟಿಗೆ ಸೇರಿಸಿ."

"ಪುಡಿಯಿಂದ ಯಾರಾದರೂ ಸತ್ತಿದ್ದರೆ ಸೇರಿಸಬಹುದಿತ್ತು. ದಾಖಲೆ ಪ್ರಕಾರ ಯಾರೂ ಸತ್ತಿಲ್ಲ. ಒತ್ತು."

ಶಾಯಿ ಡಬ್ಬಿಯನ್ನು ಪೆನ್ನಿನ ತುದಿಯಿಂದ ಅಮ್ಮನ ಕಡೆಗೆ ತಳ್ಳಿದರು. ಕೈಯಿಂದಲ್ಲ. ಅಮ್ಮ ಆ ಪೆನ್ನು ನೋಡಿದಳು.

"ಒತ್ತಲ್ಲ."

"ಏನು?"

"ನೂರಾರು ಜನದ ಮೊಣಕಾಲು ಒತ್ತಿದ್ದು ಇದೇ ಬೆರಳು. ಅವರ ಎದೆ ಕಲ್ಲಾಗಿದ್ದು ಈ ಬೆರಳಿಗೆ ಗೊತ್ತು. ಇತರೆಗೆ ಇದು ಒತ್ತಲ್ಲ. ನಿಮ್ಮ ಬೆರಳು ಒತ್ಕೊಳಿ."

ಸಾಹೇಬರು ಗಂಟೆ ಬಾರಿಸಿದರು. ನಾವು ಹೊರಗೆ ಬರುವಾಗ ಅಮ್ಮ ಕೈಯಿಟ್ಟಿದ್ದ ಮೇಜನ್ನು ಜವಾನ ಫಿನೈಲ್ ಹಾಕಿ ಒರೆಸುತ್ತಿದ್ದ. ಅಪ್ಪಣೆಯಾಗಿತ್ತು. ಅವನು ತಲೆ ಎತ್ತಲಿಲ್ಲ.

ಆ ಸಂಜೆ ಅಮ್ಮ ಬೀದಿಯ ಮನೆಗಳ ಮುಂಬಾಗಿಲು ತಟ್ಟಿದಳು. ಅವಳು ಹಾಗೆ ತಟ್ಟಿದ್ದು ಅದೇ ಮೊದಲು. ಬಾಗಿಲು ತೆರೆದವರು ಅಮ್ಮನನ್ನು ಕಂಡು ಬೆಚ್ಚಿ ಹಿಂತಿರುಗಿ ಮನೆಯವರನ್ನೆಲ್ಲ ಎಣಿಸಿಕೊಂಡರು. ಅವಳಿ ಮಕ್ಕಳ ತಾಯಿಯಂತೂ ಒಳಗೆ ಓಡಿಹೋಗಿ ಮಲಗಿದ್ದ ಅತ್ತೆಯ ಮೂಗಿಗೆ ಕೈ ಹಿಡಿದಳು. ಅತ್ತೆ ಎದ್ದು ಕೂತು ಬೈದಳು.

"ಯಾರೂ ಸತ್ತಿಲ್ಲ" ಎಂದಳು ಅಮ್ಮ. "ಸತ್ತವರನ್ನ ಬಿಚ್ಚಿಹಾಕಿದ್ದಾರೆ. ನಾಳೆ ಕಟ್ಟೋಕೆ ಬನ್ನಿ."

"ಬಂದ್ರೆ ಏನಾಗುತ್ತೆ?" ಸೋಡಾ ಅಂಗಡಿಯವನ ಹೆಂಡತಿ ಬಾಗಿಲು ಅರ್ಧ ಮುಚ್ಚಿಕೊಂಡೇ ಕೇಳಿದಳು.

"ಏನೂ ಆಗಲ್ಲ. ನಿನ್ನ ಮೈದುನ ಒಬ್ಬ ಇದ್ದ ಅಂತಾಗುತ್ತೆ."

ಮರುದಿನ ತಿಂಗಳ ಕೊನೆಯ ದಿನ. ಹತ್ತು ಗಂಟೆಗೆ ಕಡತದ ಓಣಿಯಲ್ಲಿ ಐವತ್ತಾರು ಹೆಂಗಸರು ನೆಲದ ಮೇಲೆ ಕೂತೆವು. ಗುಂಡಿ ಮಾವ ಗುದ್ದಲಿ ಸಮೇತ ಬಂದು ಬಾಗಿಲಲ್ಲಿ ನಿಂತ. ಅದನ್ನು ನೋಡಿ ಒಳಗಿದ್ದವರು ಯಾರೂ ಹೊರಗೆ ಬರಲಿಲ್ಲ. ಸರ್ವೆ ಮೇಡಂ ಮೂಲೆಯಲ್ಲಿ ಕೂತಿದ್ದಳು. ನಿರ್ಧರಿಸಲಾಗದವರು ಬಹಳ ಜನ ಆದರು, ಸರಿಮಾಡಿ ತಾ ಎಂದು ಮೇಲಿನವರು ಅವಳನ್ನು ವಾಪಸ್ ಕಳಿಸಿದ್ದರಂತೆ.

ಅಮ್ಮ ಜವಾನನ ಮುಂದೆ ನಿಂತಳು. "ಹಗ್ಗ ಬಿಚ್ಚಿ ಕೊಡು."

"ಕೊಡೋ ಹಾಗಿಲ್ಲಮ್ಮ. ಸ್ವತ್ತು."

"ಒಯ್ಯಲ್ಲ. ಇಲ್ಲೇ ಗಂಟು ಹಾಕಿ ಮತ್ತೆ ಕಟ್ಟಿಡ್ತೀವಿ."

ಜವಾನ ಯೋಚಿಸಿದ. "ನೋಡೋಕೆ ಅಡ್ಡಿ ಇಲ್ಲ, ಕೊಡೋ ಹಾಗಿಲ್ಲ, ಕತ್ತರಿಸೋ ಹಾಗಿಲ್ಲ. ಗಂಟು ಹಾಕೋ ಹಾಗಿಲ್ಲ ಅಂತ ಯಾರೂ ಬರೆದಿಲ್ಲ" ಎಂದ. ಬ್ಯಾಂಡೇಜು ಕಟ್ಟಿದ ಹೆಬ್ಬೆರಳಿಂದಲೇ ಕಟ್ಟು ಸಡಿಲಿಸಿದ.

ಅಮ್ಮ ಮೊದಲ ಗೇಣು ಅಳೆದಳು. ಕಣ್ಣು ಮುಚ್ಚಿದಳು. "ಕಾರ್ಖಾನೆ ಕಟ್ಟುವಾಗ ಕಂಬದಿಂದ ಬಿದ್ದವನು. ಮಲಗಿ." ಒಂಟಿ ಗಂಟು. ಒಂಟಿಗಳ ಸಾಲು ಮುಗಿದು ಮೊದಲ ಜೋಡಿ ಬಂತು. "ಚೀಲ ಹೊಲೀತಿದ್ದ ಮುದುಕಿಯ ಮಗ. ಕೂತು." ಮುದುಕಿ ಈಗಿಲ್ಲ. ಸೊಸೆ ಮುಂದೆ ಬಂದು ಜೋಡಿ ಗಂಟು ಹಾಕಿದಳು. ಅಮ್ಮ ಮುಟ್ಟಿದ ಹಗ್ಗವನ್ನು ಅವಳು ಮುಟ್ಟಿದಳು. ಹಿಂದೆಯೇ ಇನ್ನೊಬ್ಬಳು ಕೈ ಚಾಚಿದಳು.

"ನಮ್ಮ ಭಾವಂದು ಆಯ್ತೇನಕ್ಕ?"

"ತಾಳು, ಇನ್ನೂ ನಾಲ್ಕು ವರ್ಷ ಇದೆ ಅವನಿಗೆ."

"ಸಾಲ ಕೇಳೋಕೆ ಬಂದ್ರೆ ಹಿಂದಿನ ಬಾಗಿಲಿಂದ ಓಡೋನು. ಇವತ್ತು ಬಿಗಿಯಾಗಿ ಕಟ್ಟಿಹಾಕ್ತೀನಿ ಇರು."

ಹೆಂಗಸರು ನಕ್ಕರು. ನಗುತ್ತ ಒಬ್ಬಳಿಗೆ ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವ ತನಕ ಎಲ್ಲರೂ ಹಗ್ಗ ಹಿಡಿದು ಕೂತೆವು. ಅವಳು ಮೊದಲ ಶೆಡ್ಡಿನಲ್ಲಿ ಆರು ವರ್ಷ ಇದ್ದವಳು. ನನಗಿಂತ ನಾಲ್ಕೇ ವರ್ಷ ದೊಡ್ಡವಳು.

ಅಪ್ಪನ ಗೇಣು ಬಂದಾಗ ಅಮ್ಮ ಹಗ್ಗವನ್ನು ನನ್ನ ಕಡೆ ಹಿಡಿದಳು. ನಾನು ಮೊದಲ ಗಂಟು ಹಾಕಿದೆ. ಅದರ ಮೇಲೆ ಎರಡನೆಯದು. ಬಿಗಿ ಸಾಲಲಿಲ್ಲ. ಹಗ್ಗದ ಮೇಲೆ ಮೊಣಕಾಲೂರಿ, ಮೈಭಾರವೆಲ್ಲ ಹಾಕಿ ಎಳೆದೆ. ಆಗ ಕೂತಿತು.

ಕೊನೆಗೆ ಹೊಸಬರಿಬ್ಬರು. ಇನ್ನೂರ ಹದಿನಾಲ್ಕು. ಜೋಡಿ ನೂರ ನಲವತ್ತನಾಲ್ಕು. ಹದಿನೇಳು ಕಡತ, ನಾಲ್ಕು ನಕ್ಷೆಯನ್ನು ಜೋಡಿಸಿ ಅಮ್ಮ ಹಗ್ಗ ಸುತ್ತಿದಳು. ಹೆಣದ ಬಟ್ಟೆಗೆ ಪಟ್ಟಿ ಸುತ್ತುವ ಹಾಗೇ, ಅಡ್ಡ, ಉದ್ದ, ಮತ್ತೆ ಅಡ್ಡ. ಗಂಟಿನ ಅಡಿಯಲ್ಲಿ ಗಂಟು ಸಿಕ್ಕಿಸಿದಳು. ಒಂದನ್ನು ಬಿಚ್ಚದೆ ಇನ್ನೊಂದು ಬಿಡಬಾರದು, ಹಾಗೆ.

ಐದಕ್ಕೆ ಕಾಲು ಗಂಟೆ ಇರುವಾಗ ಸಾಹೇಬರು ಹೊರಬಂದರು. ಅಂಗಳದಲ್ಲಿ ಕಾರ್ಖಾನೆಯ ಜೀಪು ಕಾಯುತ್ತಿತ್ತು.

"ಶೆಡ್ಡಿನ ಕಡತ ಕೊಡು. ಸೊನ್ನೆ ಬರೆದು ಸಹಿ ಹಾಕಿ ಕಳಿಸ್ಬೇಕು."

ಜವಾನ ಕಟ್ಟು ತೋರಿಸಿದ.

"ಏನಿದು?"

"ಸತ್ತವರು ಸಾರ್."

"ಬಿಚ್ಚು."

"ಹೋದ್ಸಲ ಮೂರು ದಿನ ಹಿಡೀತು ಸಾರ್. ಈ ಸಲ ಇಬ್ಬರು ಜಾಸ್ತಿ."

"ಕತ್ತರಿ ತಾ!"

"ಕತ್ತರಿಸೋ ಹಾಗಿಲ್ಲ ಸಾರ್. ಹಗ್ಗ ಸ್ವತ್ತಿನ ಪುಸ್ತಕದಲ್ಲಿದೆ. ಸಮಿತಿ ಸೇರಬೇಕು." ಉಗ್ರಾಣದವನು ಕಿಟಕಿಯಿಂದ ಹೌದೆಂದು ತಲೆಯಾಡಿಸಿದ. ಪುಸ್ತಕ ಎತ್ತಿ ತೋರಿಸಿದ.

ಸಾಹೇಬರು ಐವತ್ತಾರು ಹೆಂಗಸರನ್ನು ನೋಡಿದರು. ಗುದ್ದಲಿಯನ್ನು ನೋಡಿದರು. ಆಮೇಲೆ ತಾವೇ ಬಗ್ಗಿ ಒಂದು ಗಂಟಿಗೆ ಉಗುರು ಹಾಕಿದರು.

"ಅದು ಎಡಗೈಯವಳು" ಎಂದಳು ಅಮ್ಮ. "ಇಪ್ಪತ್ತೆಂಟು ವರ್ಷ. ಗರ್ಭಿಣಿಯಾಗಿದ್ಲು. ನಿಮ್ಮ ಪ್ರಶ್ನೆಗೆ ಹೌದು ಅನ್ನೋಳು ಅವಳೊಬ್ಬಳೇ. ಅವಳನ್ನ ಯಾರೂ ಕೇಳಲಿಲ್ಲ."

ಸಾಹೇಬರು ಕೈ ತೆಗೆದರು. ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

ಅಷ್ಟರಲ್ಲಿ ಐದು ಹೊಡೆಯಿತು. ಐದು ಹೊಡೆದರೆ ಆ ಆಫೀಸಿನಲ್ಲಿ ಕೈಗಳು ತಾವಾಗಿಯೇ ಆಡುತ್ತವೆ. ಜವಾನ ದಿನಚರಿ ತೆರೆದು ಚಾಚಿದ. ಸಾಹೇಬರ ಹಸಿರು ಪೆನ್ನು ತಾನಾಗಿ ಇಳಿದು ಸಹಿ ಹಾಕಿತು. ಜವಾನ ಹಾ ಎಂದು ಊದಿ ಸೀಲು ಹೊಡೆದ. ಆಮೇಲೆ ಸಾಹೇಬರು ಓದಿದರು.

ನಾನೂ ಓದಿದೆ. ಗಟ್ಟಿಯಾಗಿ ಓದಿದೆ.

"ಇಂದು ಬಿಚ್ಚಿದ ಗಂಟು: ಸೊನ್ನೆ. ಕಟ್ಟಿದ ಗಂಟು: ಇನ್ನೂರ ಹದಿನಾಲ್ಕು. ಒಂದು ಗಂಟು ಎಂದರೆ ಒಂದು ಸಾವು. ಜೋಡಿ ಗಂಟು ಎಂದರೆ ಪುಡಿಯಿಂದ ಸಾವು. ಪುಡಿಯಿಂದ ಸತ್ತವರು: ನೂರ ನಲವತ್ತನಾಲ್ಕು."

"ಹೊಡೆದು ಹಾಕು ಅದನ್ನ!" ಸಾಹೇಬರ ದನಿ ಒಡೆಯಿತು.

ಜವಾನ ತಲೆಯೆತ್ತಿ ಗೋಡೆ ನೋಡಿದ. "ಸಹಿ ಆದ ಮೇಲೆ ತಿದ್ದೋ ಹಾಗಿಲ್ಲ ಸಾರ್. ತಮ್ಮದೇ ಸುತ್ತೋಲೆ."

ಸರ್ವೆ ಮೇಡಂ ಎದ್ದು ಬಂದಳು. ಪುಟದ ಮೇಲೆ ಟ್ಯಾಬು ಹಿಡಿದು ಫೋಟೋ ತೆಗೆದಳು. ನಂಬರು ಇತ್ತು, ಸೀಲು ಇತ್ತು, ಸಹಿ ಇತ್ತು. ಟ್ಯಾಬು ಗಿರಗಿರ ತಿರುಗಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ನಮ್ಮ ಬೀದಿಯವರಿಗೆ ಅದು ಸಲೀಸು ಕೆಲಸವಲ್ಲ.

"ಮುಂದಕ್ಕೆ ಹೋಯ್ತು" ಎಂದಳು ಮೇಡಂ.

ಜೀಪು ಖಾಲಿ ಹೋಯಿತು. ನಾಳೆ ಮತ್ತೆ ಬರಬಹುದು. ಸಮಿತಿಯನ್ನು ತುರ್ತಾಗಿ ಸೇರಿಸಬಹುದು. ಜವಾನನನ್ನು ಬೇರೆ ಊರಿಗೆ ಎಸೆಯಬಹುದು. ಶೆಡ್ಡು ತೆರೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಕಟ್ಟಿನಿಂದ ಹಗ್ಗದ ತುದಿ ಹೊರಗೆ ಇಣುಕುತ್ತಿತ್ತು. ಆರು ಗೇಣು, ಖಾಲಿ. ಅಮ್ಮ ಅದನ್ನೇ ನೋಡುತ್ತಿದ್ದಳು. ನಾನು ಕೊರಳಿಂದ ನೀಲಿ ದಾರ ತೆಗೆದೆ. ನನ್ನ ಫೋಟೋ ಇದ್ದ ಕಾರ್ಡನ್ನು ಆ ತುದಿಗೆ ಕಟ್ಟಿದೆ.

"ಎಷ್ಟು ಗಂಟು ಹಾಕ್ದೆ?" ಅಮ್ಮ ಕೇಳಿದಳು.

"ಒಂದೇ" ಎಂದೆ. "ಕಾರ್ಡು ಮಲಗಿ ಸತ್ತಿತು."